ಯಾರೂ ಕೇಳದ ಕೆಲಸಕ್ಕೆ ಒಂದು ಮಳೆಗಾಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು ಇಲ್ಲಿದ್ದೀರಿ. ತೋಟದವರಿದ್ದೀರಿ, ಅಂಗಡಿ ಇಟ್ಟವರಿದ್ದೀರಿ, ಸರ್ಕಾರಿ ಕೆಲಸಕ್ಕೆಂದು ಓದುತ್ತಿರುವ ಹುಡುಗ ಹುಡುಗಿಯರಿದ್ದೀರಿ. ಮುಖ್ಯವಾದ, ಆದರೆ ತುರ್ತಲ್ಲದ ಕೆಲಸಗಳ ಬಗ್ಗೆ ಇವತ್ತಿನ ಮಾತು. ಹಾಗೆಂದರೇನು ಎಂದು ವ್ಯಾಖ್ಯಾನ ಕೊಡುವ ಬದಲು ನಮ್ಮ ತೋಟದ ಒಂದು ಕೆಲಸವನ್ನೇ ಬಿಡಿಸಿ ನೋಡೋಣ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು. ಆ ಔಷಧಿಯ ಹೆಸರು ಬೋರ್ಡೋ ದ್ರಾವಣ. ನೂರು ಲೀಟರಿಗೆ 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರ್ ನೀರಿಗೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಆಮೇಲೆ ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲಲಿಲ್ಲ ಎಂದರ್ಥ, ಇನ್ನಷ್ಟು ಸೇರಿಸಬೇಕು. ಕಲಸಿದ್ದನ್ನು ಅದೇ ದಿನ ಖಾಲಿ ಮಾಡಬೇಕು. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ನೂರು ವರ್ಷ ದಾಟಿದರೂ ಈ ಕೆಲಸ ನಿಂತಿಲ್ಲ.

ಇದರಲ್ಲೊಂದು ವಿಚಿತ್ರ ಇದೆ. ಮೊದಲ ಸಲ ಔಷಧಿ ಹೊಡೆಯುವ ದಿನ ತೋಟದಲ್ಲಿ ರೋಗವೇ ಇರುವುದಿಲ್ಲ. ಗೊನೆಯಲ್ಲಿ ಒಂದು ಕಾಯಿಯೂ ಕೊಳೆತಿರುವುದಿಲ್ಲ. ಆದರೂ ಸಾವಿರಾರು ರೂಪಾಯಿ ಖರ್ಚು ಮಾಡಿ ಹೊಡೆಸುತ್ತೇವೆ. ಯಾಕೆಂದರೆ ಕಾಯಿ ಉದುರಲು ಶುರುವಾದ ಮೇಲೆ ಮರ ಜಾರುತ್ತದೆ, ಮಳೆ ಬಿಡುವು ಕೊಡುವುದಿಲ್ಲ, ಹೊಡೆದದ್ದು ಕಾಯಿಗೆ ಅಂಟುವುದಿಲ್ಲ. ಅಂದರೆ ತುರ್ತಲ್ಲದ ಕೆಲಸವನ್ನು ತುರ್ತಾಗುವ ಮೊದಲೇ ಮಾಡುವುದು ಮಲೆನಾಡಿನವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಸೌದೆ ಒಟ್ಟುವುದು, ಹೆಂಚು ಸರಿ ಮಾಡುವುದು, ಬಸಿಗಾಲುವೆಯ ಹೂಳು ತೆಗೆಯುವುದು, ಎಲ್ಲ ಇದೇ ಜಾತಿಯವು.

ಅದೇ ಮನೆಯೊಳಗೆ ಬನ್ನಿ. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾದರೂ ಪೌತಿ ಖಾತೆ ಆಗಿಲ್ಲ, ಅಂದರೆ ಜಮೀನು ಇನ್ನೂ ವಾರಸುದಾರರ ಹೆಸರಿಗೆ ಬಂದಿಲ್ಲ. ಅಪ್ಪನ ಶುಗರ್ ಒಂದು ಸಲವೂ ನೋಡಿಸಿಲ್ಲ. ಮಗ ನಾಲ್ಕು ವರ್ಷದಿಂದ ‘ಇಂಗ್ಲಿಷ್ ಸುಧಾರಿಸ್ಕೋಬೇಕು’ ಅನ್ನುತ್ತಿದ್ದಾನೆ. ಮಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿಯುವ ಆಸೆ, ಪುಸ್ತಕ ತಂದಿಟ್ಟಿದ್ದಾಳೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ. ಔಷಧಿ ಹೊಡೆಸುವುದನ್ನು ಮರೆಯದ ಮನೆಯಲ್ಲಿ ಇವೆಲ್ಲ ಯಾಕೆ ಉಳಿದವು? ಸೋಮಾರಿತನ ಎನ್ನುವುದು ಸುಲಭದ ಉತ್ತರ, ತಪ್ಪು ಉತ್ತರ. ಔಷಧಿಗೆ ಮಳೆಯ ಗಡುವಿದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಮುಂಚೆಯೇ ಹೇಳಿಟ್ಟ ದಿನ ಇದೆ, ಆ ದಿನ ತಪ್ಪಿದರೆ ಅವನು ಇನ್ನೊಬ್ಬರ ತೋಟಕ್ಕೆ ಹೋಗುತ್ತಾನೆ. ಪಕ್ಕದ ತೋಟದಲ್ಲಿ ಪಂಪಿನ ಸದ್ದು ಕೇಳುತ್ತದೆ, ನಮ್ಮದು ಬಾಕಿ ಎಂದು ನೆನಪಾಗುತ್ತದೆ. ಇಂಗ್ಲಿಷಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅದಕ್ಕೊಂದು ಮಳೆಗಾಲವನ್ನು ನಾವೇ ಕಟ್ಟಿಕೊಡಬೇಕಾಗುತ್ತದೆ. ಇವತ್ತು ಹೇಳಬೇಕಾದದ್ದು ಅಷ್ಟೇ, ಉಳಿದದ್ದು ಕಟ್ಟುವ ರೀತಿ.

ನಾಲ್ಕು ಮನೆಯ ಚೌಕವೊಂದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮುಖ್ಯ–ತುರ್ತು, ಮುಖ್ಯ–ತುರ್ತಲ್ಲ, ಹೀಗೆ. ಅದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರು ಅಂಟಿಕೊಂಡಿದೆ. 1954ರ ಆಗಸ್ಟಿನಲ್ಲಿ ಇಲಿನಾಯ್ ರಾಜ್ಯದ ಇವಾನ್ಸ್ಟನ್‌ನಲ್ಲಿ ಅವರು ಮಾಡಿದ ಭಾಷಣದಲ್ಲಿ ತುರ್ತು–ಮುಖ್ಯದ ಮಾತು ಬರುತ್ತದೆ ನಿಜ. ಆದರೆ ಅದನ್ನೂ ಕಾಲೇಜೊಂದರ ಹಿಂದಿನ ಅಧ್ಯಕ್ಷರೊಬ್ಬರ ಮಾತು ಎಂದೇ ಅವರು ಹೇಳಿದ್ದು. ಚೌಕ ಆಮೇಲಿನವರದು. ವಿಂಗಡಿಸಲು ಅದು ಸಾಕು, ಮಾಡಿಸಲು ಸಾಲದು. ಎರಡನೇ ಮನೆಯಲ್ಲಿ ‘ವ್ಯಾಯಾಮ’ ಎಂದು ಬರೆದು ಗೋಡೆಗೆ ಅಂಟಿಸಿದವರ ಹೊಟ್ಟೆ ಇಳಿದಿಲ್ಲ.

ಯಾಕೆ ಸಾಲದು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಬೆಳಕು ಕೊಡುತ್ತದೆ. ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಶೀ ಎಂಬ ಮೂವರದು. ಜನರ ಮುಂದೆ ಎರಡು ಕೆಲಸ ಇಟ್ಟರು. ಒಂದಕ್ಕೆ ಪ್ರತಿಫಲ ಕಡಿಮೆ, ಗಡುವು ಹತ್ತಿರ. ಇನ್ನೊಂದಕ್ಕೆ ಪ್ರತಿಫಲ ಹೆಚ್ಚು, ಗಡುವು ದೂರ. ಗಡುವು ಹತ್ತಿರವಿದ್ದದ್ದೇ ಕಾರಣವಾಗಿ ಕಡಿಮೆ ಲಾಭದ ಕೆಲಸದ ಕಡೆ ಜನ ವಾಲಿದರು. ತಮಗೆ ಪುರುಸೊತ್ತೇ ಇಲ್ಲ ಎಂದುಕೊಳ್ಳುವವರಲ್ಲಿ ಈ ವಾಲಿಕೆ ಹೆಚ್ಚು. ಆದರೆ ಆರಿಸುವ ಹೊತ್ತಿನಲ್ಲೇ ಪ್ರತಿಫಲವನ್ನು ಕಣ್ಣ ಮುಂದೆ ತಂದರೆ ವಾಲಿಕೆ ತಗ್ಗುತ್ತದೆ. ಈ ಕೊನೆಯ ಅಂಶವನ್ನು ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಈಗ ಹಾಳೆ. ಒಂದು ಹಾಳೆಯಲ್ಲಿ ತಲೆಯಲ್ಲಿರುವ ಕೆಲಸಗಳನ್ನೆಲ್ಲ ಇಳಿಸಿ. ಸೊಸೈಟಿಯ ಕಂತಿನಿಂದ ಹಿಡಿದು ಈಜು ಕಲಿಯುವ ಆಸೆಯವರೆಗೆ, ಮೂವತ್ತು ನಲವತ್ತು ಆಗುತ್ತವೆ. ಬೇರೆಯವರು ದಿನ ಕೊಟ್ಟಿರುವ ಕೆಲಸಗಳ ಮುಂದೆ ಆ ದಿನ ಬರೆಯಿರಿ: ಬ್ಯಾಂಕು, ಶಾಲೆ, ಕರೆಂಟು ಬಿಲ್ಲು. ದಿನ ಇಲ್ಲದೆ ಖಾಲಿ ಉಳಿದವು ನಮ್ಮ ವಿಷಯ. ಅವುಗಳಲ್ಲಿ ‘ಐದು ವರ್ಷ ಹೀಗೇ ಬಿಟ್ಟರೆ ಏನಾಗುತ್ತದೆ?’ ಎಂಬ ಪ್ರಶ್ನೆಗೆ ನಿಜವಾಗಿ ಹೊಟ್ಟೆ ಚುರ್ ಎನಿಸುವ ಎರಡನ್ನು ಮಾತ್ರ ಆರಿಸಿ. ಎರಡೇ. ಮೂರು ತಿಂಗಳಿಗೆ. ಐದನ್ನು ಹಿಡಿದವರು ಮೂರನೇ ವಾರಕ್ಕೆ ಐದನ್ನೂ ಬಿಡುವುದೇ ಹೆಚ್ಚು, ಯಾಕೆಂದರೆ ಒಂದು ತಪ್ಪಿದ ಬೇಸರ ಉಳಿದ ನಾಲ್ಕಕ್ಕೂ ಹರಡುತ್ತದೆ.

ಆರಿಸಿದ್ದನ್ನು ಕೈಕಾಲು ಆಡಿಸುವ ಕೆಲಸವಾಗಿ ಬದಲಿಸಬೇಕು. ‘ಪೌತಿ ಖಾತೆ ಮಾಡಿಸುವುದು’ ಕೆಲಸವಲ್ಲ, ಅದೊಂದು ಕೆಲಸದ ಕಂತೆ. ಮೊದಲ ದಿನದ ಕೆಲಸ ಇಷ್ಟೇ: ಟ್ರಂಕಿನಿಂದ ಅಜ್ಜನ ಮರಣ ಪ್ರಮಾಣಪತ್ರ ತೆಗೆದು, ಪಹಣಿಯ ಪಕ್ಕದಲ್ಲಿಟ್ಟು, ಎರಡರಲ್ಲೂ ಹೆಸರು ಅಕ್ಷರಶಃ ಒಂದೇ ಇದೆಯೇ ಎಂದು ನೋಡುವುದು. ಹತ್ತು ನಿಮಿಷ. ಒಂದರಲ್ಲಿ ಹೆಸರಿನ ಕೊನೆಗೆ ‘ಯ್ಯ’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಂಥ ಕಡೆಯೇ. ಎರಡನೇ ಕೆಲಸ ವಂಶವೃಕ್ಷ, ಮೂರನೆಯದು ನಾಡಕಚೇರಿ. ಇಂಗ್ಲಿಷೂ ಹಾಗೇ. ‘ಬೆಳಗ್ಗೆ ಆರೂ ಕಾಲಿಗೆ, ಜಗಲಿಯ ಮೇಲೆ, ಪತ್ರಿಕೆಯ ಒಂದು ಪ್ಯಾರಾ ಜೋರಾಗಿ ಎರಡು ಸಲ ಓದಿ, ಪತ್ರಿಕೆ ಮಡಚಿಟ್ಟು, ಅದರ ಬಗ್ಗೆ ಐದು ವಾಕ್ಯ ಬರೆಯುವುದು.’ ಹೀಗೆ ಬರೆದರೆ ಆಯಿತೋ ಇಲ್ಲವೋ ಎಂಬುದಕ್ಕೆ ವಾದವೇ ಇಲ್ಲ.

ಲೆಕ್ಕ ಹಾಕೋಣ. ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ನಾಲ್ಕು ದಿನ, ಅಂದರೆ ವಾರಕ್ಕೆ 3 ಗಂಟೆ. ವರ್ಷಕ್ಕೆ 52 ವಾರ ಎಂದು ಗುಣಿಸಿ ಖುಷಿಪಡುವವರು ನಗರದವರು. ನಮ್ಮಲ್ಲಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ನಡೆಯುವಾಗ ರಾತ್ರಿ ಹಗಲು ಒಂದೇ. ಏಪ್ರಿಲ್–ಮೇನಲ್ಲಿ ಮದುವೆ, ಉಪನಯನ, ಗೃಹಪ್ರವೇಶ. ಹನ್ನೆರಡು ವಾರ ಮೊದಲೇ ಕಳೆದುಬಿಡಿ. 40 ವಾರ, 120 ಗಂಟೆ. ಕಡಿಮೆ ಎನಿಸಿದರೆ ನೆನಪಿಡಿ, ಮಗನ ಕಳೆದ ನಾಲ್ಕು ವರ್ಷದ ಲೆಕ್ಕ ಸೊನ್ನೆ. ರಜೆಯ ವಾರಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗೆರೆ ಹೊಡೆದಿಟ್ಟರೆ ಕೊಯ್ಲಿನ ಸಮಯದಲ್ಲಿ ‘ಬಿಟ್ಟುಹೋಯಿತು’ ಎನಿಸುವುದಿಲ್ಲ, ‘ಬಿಡುವು’ ಎನಿಸುತ್ತದೆ. ಈ ಎರಡು ಪದಗಳ ನಡುವೆ ಮತ್ತೆ ಶುರು ಮಾಡುವ ಶಕ್ತಿ ಇದೆ. ಇನ್ನೊಂದು, ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂಬ ನಮ್ಮ ಅಂದಾಜು ಹೆಚ್ಚಾಗಿ ಕಡಿಮೆ ಬೀಳುತ್ತದೆ. ಕಾಹ್ನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಃಶಾಸ್ತ್ರಜ್ಞರು 1979ರಲ್ಲೇ ಇದನ್ನು ಗುರುತಿಸಿದ್ದರು. ಮೂರು ತಿಂಗಳು ಎನಿಸಿದ್ದಕ್ಕೆ ನಾಲ್ಕೂವರೆ ಇಟ್ಟುಕೊಳ್ಳಿ.

ಹೊತ್ತು ಯಾವುದಾದರೂ ಆಗಬಹುದು, ಆದರೆ ಫೋನ್ ಮುಟ್ಟುವ ಮೊದಲಿನ ಹೊತ್ತು ಒಳ್ಳೆಯದು. ವಾಟ್ಸಾಪ್ ತೆರೆದ ಕ್ಷಣ ಬೇರೆಯವರ ಗಡುವುಗಳು ಮನೆಯೊಳಗೆ ಬಂದುಬಿಡುತ್ತವೆ. ಫೋನ್ ಅಡುಗೆಮನೆಯ ಕಪಾಟಿನಲ್ಲಿ ಚಾರ್ಜಿಗಿರಲಿ, ಎಚ್ಚರಿಸಲು ನೂರೈವತ್ತು ರೂಪಾಯಿಯ ಅಲಾರಂ ಗಡಿಯಾರ ಸಾಕು. ಬಸ್ಸಿನಲ್ಲಿ ಓದುತ್ತೇನೆ ಎಂಬ ಯೋಜನೆ ಮಾಡಬೇಡಿ, ನಮ್ಮ ತಿರುವುಗಳಲ್ಲಿ ಪುಸ್ತಕ ಹಿಡಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕೇಳುವ ಪಾಠವಾದರೆ ಸರಿ.

ಅಡ್ಡಿಗಳನ್ನು ಮೊದಲೇ ಹೆಸರಿಸಿಡುವುದು ಬಹಳ ಕೆಲಸ ಮಾಡುತ್ತದೆ. ಪೀಟರ್ ಗಾಲ್‌ವಿಟ್ಸರ್ ಎಂಬ ಮನಃಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ: ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಸಂದರ್ಭ ಸಹಿತ ನಿಶ್ಚಯಿಸಿದವರು ಬರೀ ‘ಮಾಡುತ್ತೇನೆ’ ಎಂದವರಿಗಿಂತ ಹೆಚ್ಚು ಮಾಡಿ ಮುಗಿಸುತ್ತಾರೆ. ನಮ್ಮಲ್ಲಿ ಆರಿದ್ರಾ, ಪುಷ್ಯ ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಮೂರು ದಿನ ಕಾಣೆ. ಹಾಗಾಗಿ ಪಾಠದ ವಿಡಿಯೋಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ, ‘ಕರೆಂಟು ಹೋದರೆ ಪುಸ್ತಕದ ಅಭ್ಯಾಸ, ಚಾರ್ಜರ್ ಲೈಟಿನಲ್ಲಿ’ ಎಂದು ಬರೆದಿಡಿ. ‘ನೆಂಟರು ಬಂದರೆ ಹದಿನೈದು ನಿಮಿಷ ಮಾತ್ರ, ಹಿತ್ತಲ ಕೋಣೆಯಲ್ಲಿ.’ ಮಳೆಗಾಲದಲ್ಲಿ ಹೊರಗಿನ ಕೆಲಸ ಅಷ್ಟಿಷ್ಟು ತಗ್ಗುವುದರಿಂದ ಕಲಿಕೆಗೆ ಅದೇ ನಮ್ಮ ದೊಡ್ಡ ಹಂಗಾಮು.

ನೆಂಟರ ಮಾತು ಬಂತು. ವಿದೇಶದ ಚೌಕದಲ್ಲಿ ಬೇರೆಯವರ ಕರೆ ಎಂದರೆ ಅಡಚಣೆ. ನಮ್ಮೂರಿಗೆ ಅದು ಹೊಂದುವುದಿಲ್ಲ. ಸಾವಿನ ಮನೆಗೆ ಹೋಗುವುದು ಅಡಚಣೆಯಲ್ಲ. ಆದರೆ ಮದುವೆಯ ಹಿಂದಿನ ದಿನ ಚಪ್ಪರಕ್ಕೆ ಕೈ ಹಾಕುವುದು ಒಂದು, ಬೀಗರೂಟ ಮುಗಿದ ಮೇಲೆ ಇಸ್ಪೀಟಿಗೆ ಕುಳಿತು ಸಂಜೆ ಮಾಡುವುದು ಇನ್ನೊಂದು. ಸಂಬಂಧ ಉಳಿಯುವುದು ಮೊದಲನೆಯದರಿಂದ. ‘ಬರೋದಿಲ್ಲ’ ಎನ್ನಬೇಡಿ, ‘ಒಂಬತ್ತಕ್ಕೆ ಬರ್ತೀನಿ ಮಾವ, ಬೆಳಗಿನ ಕೆಲಸ ಮುಗಿಸ್ಕೊಂಡು’ ಎನ್ನಿ. ಹತ್ತು ಸಲ ಇದೇ ಮಾತು ಕೇಳಿದ ಮೇಲೆ ಆರೂ ಕಾಲಿಗೆ ಯಾರೂ ಕರೆಯುವುದಿಲ್ಲ.

ಸಾಕ್ಷಿ ಬೇಕು. ಅದಕ್ಕೆ ನಮ್ಮಲ್ಲೇ ಒಂದು ಪದ್ಧತಿ ಇದೆ, ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕಲಿಕೆಗೂ ಮುಯ್ಯಾಳು ಮಾಡಿಕೊಳ್ಳಬಹುದು. ಒಬ್ಬಳು ಲೆಕ್ಕಪತ್ರ ಕಲಿಯುವವಳು, ಇನ್ನೊಬ್ಬ ಇಂಗ್ಲಿಷ್ ಕಲಿಯುವವನು. ವಿಷಯ ಒಂದೇ ಆಗಬೇಕಿಲ್ಲ. ವಾರಕ್ಕೊಮ್ಮೆ, ಸಂತೆಯ ದಿನ, ಇಪ್ಪತ್ತು ನಿಮಿಷ ಭೇಟಿ. ಬರೆದ ವಾಕ್ಯಗಳ ಹಾಳೆ, ಮಾಡಿದ ಲೆಕ್ಕದ ಪುಸ್ತಕ ಕೈಯಲ್ಲಿರಬೇಕು. ‘ಹೇಗೆ ನಡೀತಿದೆ?’ ಎಂದು ಕೇಳಬೇಡಿ, ‘ಎಲ್ಲಿ, ತೋರ್ಸು’ ಎನ್ನಿ. ಮನೆಯವರನ್ನು ಸಾಕ್ಷಿ ಮಾಡಿಕೊಂಡರೆ ಜಗಳಕ್ಕೆ ತಿರುಗುವುದೇ ಹೆಚ್ಚು, ಸ್ವಲ್ಪ ದೂರದವರು ಒಳ್ಳೆಯದು.

ತಪ್ಪಿದ ದಿನಗಳ ಬಗ್ಗೆ. ತಪ್ಪುತ್ತದೆ. ನಿನ್ನೆಯದನ್ನೂ ಸೇರಿಸಿ ಇವತ್ತು ಒಂದೂವರೆ ಗಂಟೆ ಮಾಡುತ್ತೇನೆ ಎನ್ನಬೇಡಿ, ಸಾಲ ಬೆಳೆದು ಅಸಲೂ ಕಟ್ಟದ ಸ್ಥಿತಿ ಬರುತ್ತದೆ. ತಪ್ಪಿದ್ದು ಹೋಯಿತು, ಇವತ್ತಿನದು ಇವತ್ತು. ಒಂದೇ ವಾರದಲ್ಲಿ ಎರಡು ಸಲ ತಪ್ಪಿದರೆ ಬೈದುಕೊಳ್ಳದೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಅರ್ಧದಲ್ಲೂ ಎರಡು ವಾರ ತಪ್ಪಿದರೆ ಕತ್ತಿಯ ಅಲಗಿಗೆ ಕೆಂಪು ಹತ್ತಿದೆ ಎಂದು ತಿಳಿಯಿರಿ, ಮಿಶ್ರಣದಲ್ಲೇ ಏನೋ ಸಾಲದು. ಹೊತ್ತು ಸರಿಯಿಲ್ಲ, ಇಲ್ಲವೇ ಆ ಕೆಲಸ ನಿಮ್ಮದಲ್ಲ, ಯಾರೋ ಹೇಳಿದರೆಂದು ಹಿಡಿದದ್ದು. ಬಿಟ್ಟುಬಿಡುವುದಕ್ಕೂ ಹಕ್ಕಿದೆ, ಆದರೆ ಹಾಳೆಯ ಮೇಲೆ ಗೆರೆ ಎಳೆದು ಬಿಡಿ.

ಮೂವರ ಸಂಶೋಧನೆಯ ಕೊನೆಯ ಅಂಶ ಹೇಳಿದ್ದೆನಲ್ಲ, ಪ್ರತಿಫಲ ಕಣ್ಣ ಮುಂದಿರಬೇಕು ಎಂದು. ಹಾಳೆಯ ತಲೆಯಲ್ಲಿ ಕೆಲಸದ ಹೆಸರಿನ ಬದಲು ಪ್ರತಿಫಲ ಬರೆಯಿರಿ. ‘ಇಂಗ್ಲಿಷ್’ ಅಲ್ಲ, ‘ಸಂದರ್ಶನದಲ್ಲಿ ಎರಡು ನಿಮಿಷ ತಡವರಿಸದೆ ಮಾತು’. ‘ಖಾತೆ’ ಅಲ್ಲ, ‘ನನ್ನ ಹೆಸರಿನ ಪಹಣಿ’. ಅದನ್ನು ಆರೂ ಕಾಲಿಗೆ ಕುಳಿತುಕೊಳ್ಳುವ ಜಾಗದಲ್ಲೇ ಅಂಟಿಸಿ.

ನಿಮ್ಮ ಕುರ್ಚಿಯ ಮೇಲೆ ಒಂದೊಂದು ಖಾಲಿ ಹಾಳೆ ಇಟ್ಟಿದ್ದೇವೆ. ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಈಗಲೇ ಬರೆಯಲು ಶುರು ಮಾಡಿ, ಎರಡಕ್ಕೆ ಸುತ್ತು ಹಾಕಿ, ಆಮೇಲೆ ಪಕ್ಕದವರ ಕೈಗೆ ಕೊಡಿ. ಪೆನ್ನು ಇಲ್ಲದವರು ಕೈ ಎತ್ತಿ.