ಹೇಳದೆ ಹೋದವಳು: ‘ದಿ ಬ್ಲೂ ಕ್ಯಾಸಲ್’ ಓದಿದ ಮೇಲೆ

ಗಾಂಧಿ ಬಜಾರಿನಲ್ಲಿ ಬೆಳಗಿನಿಂದ ಮಳೆ ಹಿಡಿದಿದೆ. ನೀವು ನೋಡುತ್ತಿರುವ ದೃಶ್ಯವನ್ನು ಹೂವಿನ ಅಂಗಡಿಯೊಂದರ ಟಾರ್ಪಾಲಿನ ಕೆಳಗೆ ನಿಂತು ಚಿತ್ರಿಸಿದ್ದೇನೆ. ಇಂದು ನಾನು ಮಾತನಾಡಲಿರುವ ಕಾದಂಬರಿಯೂ ಮಳೆಯ ಮುಂಜಾನೆಯೊಂದರಿಂದಲೇ ಆರಂಭವಾಗುತ್ತದೆ. ಕೆನಡಾದ ಲೇಖಕಿ ಎಲ್. ಎಂ. ಮಾಂಟ್ಗೊಮೆರಿ 1926ರಲ್ಲಿ ಪ್ರಕಟಿಸಿದ ‘ದಿ ಬ್ಲೂ ಕ್ಯಾಸಲ್’ನ ನಾಯಕಿ ವ್ಯಾಲೆನ್ಸಿ ಸ್ಟರ್ಲಿಂಗ್‌ಗೆ ಅಂದು 29 ತುಂಬುತ್ತದೆ. ಮದುವೆಯಾಗಿಲ್ಲ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಬಾಯಿಸತ್ತವಳು. ತಾಯಿ ಮುನಿಸಿಕೊಂಡರೆ ದಿನಗಟ್ಟಲೆ ಮಾತಿಲ್ಲ ಎಂಬ ಭಯ ಒಂದು ಕಡೆ, ಮದುವೆಯಾಗದ ಹೆಣ್ಣಿನ ಬಗ್ಗೆ ಅದೇ ಹಳಸಲು ಒಗಟುಗಳನ್ನು ಹೇಳುವ ಶ್ರೀಮಂತ ಬಂಧು ಬೆಂಜಮಿನ್ ಉಯಿಲಿನಿಂದ ಹೆಸರು ತೆಗೆದಾನೆಂಬ ಭಯ ಇನ್ನೊಂದು ಕಡೆ.

ಹೃದಯರೋಗವಿದೆ, ಹೆಚ್ಚೆಂದರೆ ಇನ್ನೊಂದು ವರ್ಷ ಎಂದು ವೈದ್ಯರಿಂದ ಪತ್ರ ಬರುತ್ತದೆ. ಅವಳ ಧೈರ್ಯಕ್ಕೆ ಆ ಪತ್ರವೇ ಕಾರಣವೆಂದು ಓದುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸ್ಟರ್ಲಿಂಗ್ ಮನೆತನದಲ್ಲಿ ಮನೆಮಂದಿಯೆಲ್ಲ ಕೂತು ಚರ್ಚಿಸಿ, ಜೇಮ್ಸ್ ಎಂಬ ಹಿರಿಯರು ಒಪ್ಪಿದ ಮೇಲಷ್ಟೇ ವೈದ್ಯರ ಬಳಿಗೆ ಹೋಗುವುದು, ಅದೂ ಸಂಬಂಧದಲ್ಲಿ ಮದುವೆಯಾಗಿರುವ ವೈದ್ಯರ ಬಳಿಗೇ. ಅಂಥ ಮನೆಯ ಹುಡುಗಿ, ಮಳೆಯಿಂದ ವನಭೋಜನ ರದ್ದಾದ ಆ ದಿನ, ಗ್ರಂಥಾಲಯಕ್ಕೆಂದು ಹೊರಟು ಯಾರಿಗೂ ತಿಳಿಸದೆ ಬೇರೆ ವೈದ್ಯರನ್ನು ಕಾಣುತ್ತಾಳೆ. ಚಪ್ಪಲಿ ಮೆಟ್ಟುವ ಮೊದಲೇ “ಎಲ್ಲಿಗೆ?” ಎಂಬ ಪ್ರಶ್ನೆ ಕೇಳಿಬರುವ ಬಸವನಗುಡಿಯ ಮನೆಯಲ್ಲಿ ಬೆಳೆದ ನನಗೆ, ಪತ್ರ ಬರುವುದಕ್ಕಿಂತ ಮುಂಚಿನ ಈ ಸಣ್ಣ ನಡಿಗೆಯೇ ಇಡೀ ಕಾದಂಬರಿಯಲ್ಲಿ ಅತಿ ದೊಡ್ಡ ಸಾಹಸವಾಗಿ ಕಂಡಿತು.

ಮುಂದಿನದೆಲ್ಲ ಅದರ ಬೆಳವಣಿಗೆ. ‘ಡಾಸ್’ ಎಂಬ ಅಡ್ಡಹೆಸರು ಬೇಡ, ನನ್ನ ಹೆಸರಿನಿಂದಲೇ ಕರೆಯಿರಿ ಎನ್ನುತ್ತಾಳೆ. ಬಂಧುಗಳ ಮದುವೆಯ ಬೆಳ್ಳಿಹಬ್ಬದ ಊಟದಲ್ಲಿ ಒಬ್ಬೊಬ್ಬರಿಗೂ ನೇರ ಉತ್ತರ ಕೊಡುತ್ತಾಳೆ. ಬಳಿಕ, ಮದುವೆಯಿಲ್ಲದೆ ತಾಯಿಯಾದಳೆಂದು ಊರು ದೂರವಿಟ್ಟ, ಈಗ ಕ್ಷಯದಿಂದ ಸಾಯುತ್ತಿರುವ ಸಿಸಿಯ ಆರೈಕೆಗೆ ಸಂಬಳಕ್ಕೆ ಸೇರುತ್ತಾಳೆ. ಮನೆಮಗಳು ತಾನಾಗಿ ಹೀಗೆ ಮಾಡಿದಳೆಂದು ಒಪ್ಪುವುದಕ್ಕಿಂತ ಅವಳಿಗೆ ಬುದ್ಧಿಭ್ರಮಣೆಯಾಗಿದೆ ಎಂದು ನಂಬುವುದೇ ಆ ಮರ್ಯಾದಸ್ಥರಿಗೆ ಹಿತ. ಊರವರು ಅನುಮಾನದಿಂದಲೇ ನೋಡುವ ಬಾರ್ನಿ ಸ್ನೇತ್ ಎಂಬವನನ್ನು ಮದುವೆಯಾಗೆಂದು ಕೇಳುವವಳೂ ಅವಳೇ.

ಕೊನೆಯನ್ನು ತಿಳಿಯಬಯಸದವರು ವಿಡಿಯೊವನ್ನು ಇಲ್ಲಿಗೆ ನಿಲ್ಲಿಸಬಹುದು. ಪತ್ರ ತಪ್ಪು ವಿಳಾಸಕ್ಕೆ ಬಂದಿತ್ತು; ಅದು ಬೇರೊಬ್ಬ ಸ್ಟರ್ಲಿಂಗ್‌ಗೆ ಬರೆದದ್ದು. ಬಾರ್ನಿಯೋ, ಪೇಟೆಂಟ್ ಔಷಧಿ ಮಾರಿ ಕೋಟ್ಯಧಿಪತಿಯಾದವನ ಮಗ. ಲೇಖಕಿ ಇಲ್ಲಿ ಸ್ವಲ್ಪ ಧಾರಾಳವಾದರು ಎಂಬುದು ನನ್ನ ದೂರು. ಆದರೂ ಈ ಸಿರಿಯಿಂದ ಬಂಧುಗಳ ಬಣ್ಣ ಬಯಲಾಗುವ ಪುಟಗಳನ್ನು ಬಿಡಲು ನನಗೆ ಮನಸ್ಸಿಲ್ಲ: ಇವನು ಕೊಲೆಗಾರನೋ ಖೋಟಾನೋಟಿನವನೋ ಎಂದು ಪಿಸುಗುಟ್ಟುತ್ತಿದ್ದವರಿಗೆ, ಅವನನ್ನು ಮನೆಯ ಅಳಿಯನೆಂದು ಹೇಳಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.