ಬಲೆಗೆ ಯಾಕೆ ಎರೆಹುಳು?

(ಸುಗ್ಗಿ ಹಬ್ಬದ ಮಧ್ಯಾಹ್ನ, ಕ್ರೈಸ್ತ ಸಭೆಯ ಯೌವನಸ್ಥರ ಕೂಟದಲ್ಲಿ ಆಡಿದ ಮಾತು)

ಅಯ್ಯನವರೇ, ಸಭೆಯ ಹಿರಿಯರೇ, ಅಕ್ಕ ತಂಗಿಯರೇ, ಹಿಂದಿನ ಬೆಂಚಿನಲ್ಲಿ ಮೊಬೈಲ್ ಹಿಡಿದು ಕೂತಿರುವ ನನ್ನ ಪ್ರೀತಿಯ ಯೌವನಸ್ಥರೇ,

ಬಿರಿಯಾನಿ ಊಟದ ಮೇಲೆ ಉಪನ್ಯಾಸ ಇಟ್ಟಿದ್ದೀರಿ. ಇದು ನನಗೆ ಪರೀಕ್ಷೆಯೋ ನಿಮಗೋ ಗೊತ್ತಿಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನಂಥ ಪೌಲ ಮಾತಾಡುತ್ತಿದ್ದಾಗಲೇ ಯೂತಿಖ ಅನ್ನೋ ಹುಡುಗ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ಬದುಕಿಸಿದ. ನನಗೆ ಆ ವರ ಇಲ್ಲ. ಕಿಟಕಿ ಹತ್ತಿರ ಇರುವವರು ದಯವಿಟ್ಟು ಒಳಗೆ ಸರಿದುಕೊಳ್ಳಿ.

ಆಮೇಲೆ ಪೌಲ ಏನು ಮಾಡಿದ ಹೇಳಿ? ಮತ್ತೆ ಮೇಲೆ ಹತ್ತಿ, ರೊಟ್ಟಿ ಮುರಿದು ತಿಂದು, ಬೆಳಗಾಗುವ ತನಕ ಮಾತಾಡಿದ. ಹುಡುಗರಿಗೆ ಬೇಜಾರಾಗುತ್ತಿದೆ, ಏನಾದರೂ ಪ್ರೋಗ್ರಾಂ ಇಡೋಣ ಅಂತ ಯಾರೂ ಕಮಿಟಿ ಕರೆಯಲಿಲ್ಲ.

ನಮ್ಮಲ್ಲಿ ಕಮಿಟಿ ಕರೆದಿದ್ದಾರೆ. ವಿಷಯ ನಿಮಗೆಲ್ಲ ಗೊತ್ತಿರುವುದೇ. ಎಲ್‌ಇಡಿ ವಾಲ್, ಡ್ರಮ್ ಸೆಟ್, ತಿಂಗಳಿಗೊಂದು ಮ್ಯೂಸಿಕ್ ನೈಟ್. ಹೊರಗಿನ ಯುವಕರನ್ನು ಸೆಳೆಯುವುದಕ್ಕೆ ಅಂತ ಅರ್ಜಿಯಲ್ಲಿ ಬರೆದಿದೆ. ಬೇಕು ಅನ್ನುವವರೂ ಬೇಡ ಅನ್ನುವವರೂ ಇಬ್ಬರೂ ನನ್ನ ಮನೆಗೆ ಬಂದು ಚಹಾ ಕುಡಿದು ಹೋಗಿದ್ದಾರೆ. ನಾನು ಆರು ಅಂಶ ಬರೆದುಕೊಂಡು ಬಂದಿದ್ದೇನೆ. ಎಷ್ಟು ಆಗುತ್ತೋ ನೋಡೋಣ.

ನನಗೆ ತೊಂದರೆ ಕೊಡುವುದು ಡ್ರಮ್ ಅಲ್ಲ. ದೇವರ ಮಂಜೂಷದ ಮುಂದೆ ದಾವೀದ ರಾಜನೇ ಕುಣಿದ. ಕೊನೆಯ ಕೀರ್ತನೆಯಲ್ಲಿ ಕೊಂಬು, ತಂತಿವಾದ್ಯ, ತಾಳ ಎಲ್ಲ ಇವೆ, ಕುಣಿತವೂ ಇದೆ. ನನ್ನನ್ನು ಚುಚ್ಚಿದ್ದು ಅರ್ಜಿಯಲ್ಲಿರುವ ಆ 'ಸೆಳೆಯುವುದಕ್ಕೆ' ಅನ್ನೋ ಮಾತು. ಮನುಷ್ಯರನ್ನು ಹಿಡಿಯುವ ಬೆಸ್ತರಾಗಿ ಅಂತ ಯೇಸು ಕರೆದದ್ದು ಬಲೆ ಬೀಸುತ್ತಿದ್ದವರನ್ನು. ಬಲೆಗೆ ಎರೆಹುಳು ಬೇಕಿಲ್ಲ. ಎರೆ ಬೇಕಾಗುವುದು ಗಾಳಕ್ಕೆ. ಅವರಲ್ಲೊಬ್ಬನಾದ ಪೇತ್ರ ಗಾಳ ಹಾಕಿದ್ದೂ ಉಂಟು, ಒಂದೇ ಒಂದು ಸಲ, ಅದೂ ದೇವಾಲಯದ ತೆರಿಗೆ ಕಟ್ಟುವ ದುಡ್ಡಿಗೋಸ್ಕರ. ನಮ್ಮ ಖಜಾಂಚಿಯವರು ನಗುತ್ತಿದ್ದಾರೆ, ನೋಡಿ.

ಎರೆ ಕಟ್ಟಿ ನೋಡಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ಮೂವತ್ತು ವರ್ಷದ ಹಿಂದಿನ ಮಾತು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ, ವಿಬಿಎಸ್‌ಗೆ ನಾನೇ ಮುಖ್ಯಸ್ಥ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿತ್ತು. ಯಾರು ಅತಿ ಹೆಚ್ಚು ಮಕ್ಕಳನ್ನು ಕರೆತರುತ್ತಾರೋ ಅವರಿಗೆ ಸೈಕಲ್ ಅಂತ ಸಾರಿಬಿಟ್ಟೆ. ಕೆಂಪು ಸೈಕಲ್ಲು. ಹ್ಯಾಂಡಲ್ಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ವರಾಂಡದಲ್ಲಿ ನಿಲ್ಲಿಸಿದ್ದೆವು. ಎರಡನೇ ದಿನ ಬೆಂಚು ಸಾಲಲಿಲ್ಲ, ಚಾಪೆ ಹಾಸಿದೆವು. ನಾಲ್ಕನೇ ದಿನ ಚಾಪೆಯೂ ಸಾಲಲಿಲ್ಲ. ಅಯ್ಯನವರು ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ.

ಒಬ್ಬ ಹುಡುಗ ಮೂವತ್ತೊಂದು ಮಕ್ಕಳನ್ನು ಕರೆತಂದು ಗೆದ್ದ. ಹೇಗೆ ಕರೆತಂದ ಅಂತ ನಾನು ಕೇಳಲಿಲ್ಲ. ಆ ಸಂಜೆ ಗೊತ್ತಾಯಿತು. ಸೈಕಲ್ ಸಿಕ್ಕರೆ ಒಬ್ಬೊಬ್ಬರಿಗೆ ಒಂದೊಂದು ರೌಂಡು ಅಂತ ಮಾತು ಕೊಟ್ಟಿದ್ದನಂತೆ! ಬಹುಮಾನ ಕೊಟ್ಟ ತಕ್ಷಣ ಮೂವತ್ತೊಂದು ಮಕ್ಕಳೂ ಕಾಂಪೌಂಡಿನಲ್ಲಿ ಸಾಲಾಗಿ ನಿಂತರು. ಸಾಲು ಎಷ್ಟು ಶಿಸ್ತಾಗಿತ್ತು ಅಂದರೆ, ಹತ್ತು ದಿನದಲ್ಲಿ ಪ್ರಾರ್ಥನೆಗೆ ಒಮ್ಮೆಯೂ ಹಾಗೆ ನಿಂತಿರಲಿಲ್ಲ. ಹದಿನೈದನೇ ರೌಂಡಿಗೆ ಚೈನು ಕಳಚಿತು. ಇಪ್ಪತ್ತನೆಯವನು ಹೋಗಿ ಗೇಟಿಗೆ ಗುದ್ದಿದ. ಗೆದ್ದ ಹುಡುಗ ಬೆಂಡಾದ ಪೆಡಲ್ ಹಿಡಿದು ಅಳುತ್ತಿದ್ದಾನೆ, ಉಳಿದವರು "ನನ್ನ ರೌಂಡು, ನನ್ನ ರೌಂಡು" ಅಂತ ಜಗಳ. ಮರುದಿನ ಭಾನುವಾರ. ಆ ಮೂವತ್ತೊಂದರಲ್ಲಿ ಎಷ್ಟು ಮಕ್ಕಳು ಬಂದರು ಅಂದುಕೊಂಡಿರಿ? ಒಂದು.

ಆ ಒಂದು ಮಗು ಒಬ್ಬ ಹುಡುಗಿ. ಅವಳಿಗೆ ಸೈಕಲ್ ಚಿಂತೆಯೇ ಇರಲಿಲ್ಲ. ನಮ್ಮ ಗಂಟೆ ಬಾರಿಸುತ್ತಿದ್ದ ತಾತ ಅವಳ ಕೈಗೆ ಹಗ್ಗ ಕೊಟ್ಟಿದ್ದರು. ದಪ್ಪ ತೆಂಗಿನ ನಾರಿನ ಹಗ್ಗ, ಹಿಡಿಯುವ ಕಡೆ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ನುಣುಪಾಗಿತ್ತು. ಎಳೆದರೆ ಗಂಟೆ ತಿರುಗಿ ಹೋಗುವಾಗ ಹಗ್ಗ ಅವಳನ್ನೇ ಒಂದು ಅಡಿ ಮೇಲಕ್ಕೆ ಎತ್ತುತ್ತಿತ್ತು. ಅದಕ್ಕೇ ಬಂದಿದ್ದಳು. ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನದೂ.

ಈ ಕತೆ ಹೇಳಿದಾಗ ನಿಮ್ಮ ಕಾರ್ಯದರ್ಶಿ ನನ್ನನ್ನು ಕೇಳಿದ: "ಸರ್, ಹಗ್ಗವೂ ಎರೆಯೇ ಅಲ್ವಾ?" ಒಳ್ಳೆ ಪ್ರಶ್ನೆ. ಎರಡು ದಿನ ನಿದ್ದೆಗೆಡಿಸಿತು. ಆ ಹಗ್ಗವನ್ನು ಅವಳಿಗೋಸ್ಕರ ಯಾರೂ ಕಟ್ಟಿರಲಿಲ್ಲ. ಗಂಟೆ ಬಾರಿಸಬೇಕಿತ್ತು, ಅದಕ್ಕೆ ಇತ್ತು. ಅವಳು ಬಾರದಿದ್ದರೂ ಇರುತ್ತಿತ್ತು. ಸೈಕಲ್ ಹಾಗಲ್ಲ. ಹನ್ನೊಂದನೇ ದಿನ ವರಾಂಡ ಖಾಲಿ.

ಇದೇ ಪಾಠವನ್ನು ನನಗಿಂತ ದೊಡ್ಡದಾಗಿ ಕಲಿತವರಿದ್ದಾರೆ. ಅಮೆರಿಕದ ಶಿಕಾಗೋ ಪಕ್ಕದಲ್ಲಿ 1975ರಲ್ಲಿ ವಿಲ್ಲೋ ಕ್ರೀಕ್ ಅನ್ನೋ ಸಭೆ ಶುರುವಾಯಿತು. ಬಾಡಿಗೆ ಸಿನಿಮಾ ಥಿಯೇಟರಿನಲ್ಲಿ ಆರಾಧನೆ. ಚರ್ಚಿಗೆ ಯಾಕೆ ಹೋಗುವುದಿಲ್ಲ ಅಂತ ಮನೆಮನೆಗೆ ಹೋಗಿ ಕೇಳಿ, ಅದಕ್ಕೆ ತಕ್ಕ ಹಾಗೆ ಬ್ಯಾಂಡು, ನಾಟಕ ಎಲ್ಲ ಇಟ್ಟರು. ಸಾವಿರಾರು ಜನ ಬಂದರು. ಲೋಕದ ಎಷ್ಟೋ ಸಭೆಗಳು ಅವರನ್ನು ನೋಡಿ ನಕಲು ಮಾಡಿದವು. 2007ರಲ್ಲಿ ಅವರೇ ತಮ್ಮ ಜನರ ಸಮೀಕ್ಷೆಯನ್ನು ಬಯಲಿಗಿಟ್ಟರು. ಕಾರ್ಯಕ್ರಮಗಳಿಗೆ ಜಾಸ್ತಿ ಬಂದ ಮಾತ್ರಕ್ಕೆ ದೇವರ ಮೇಲಿನ ಪ್ರೀತಿ ಜಾಸ್ತಿಯಾಗಿಲ್ಲ ಅನ್ನೋದು ಅದರ ತಿರುಳು. ಅದನ್ನು ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ನನಗೆ ನನ್ನ ಸೈಕಲ್ ಕತೆ ಬಾಯಿ ಬಿಟ್ಟು ಹೇಳಲು ಹದಿನೈದು ವರ್ಷ ಹಿಡಿಯಿತು.

ಹಾಗಂತ ಆಟವೇ ಬೇಡ ಅನ್ನುವ ಹಿರಿಯರ ಜೊತೆ ನಾನಿಲ್ಲ. ಅವರಿಗೊಂದು ಕತೆ. 1891ರ ಚಳಿಗಾಲ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್, ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆ. ಹೊರಗೆ ಹಿಮ. ಒಳಗೆ ಹದಿನೆಂಟು ಹುಡುಗರು ಕವಾಯತು ಮಾಡಿ ಮಾಡಿ ಬೇಸತ್ತಿದ್ದಾರೆ. ಜೇಮ್ಸ್ ನೈಸ್ಮಿತ್ ಅವರ ಮೇಷ್ಟ್ರು, ದೇವಶಾಸ್ತ್ರ ಓದಿದವರು. ಒಂದು ಹೊಸ ಆಟ ಹುಡುಕಬೇಕಿತ್ತು. ಚೌಕಾಕಾರದ ಎರಡು ಪೆಟ್ಟಿಗೆ ಕೇಳಿದರೆ ಜವಾನನ ಹತ್ತಿರ ಇದ್ದದ್ದು ಪೀಚ್ ಹಣ್ಣಿನ ಬುಟ್ಟಿ. ಅದನ್ನೇ ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದರು. ಹದಿಮೂರು ನಿಯಮ ಬರೆದರು. ಬುಟ್ಟಿಗೆ ತಳ ಇತ್ತು ನೋಡಿ, ಚೆಂಡು ಒಳಗೆ ಬಿದ್ದರೆ ಯಾರಾದರೂ ಹತ್ತಿ ತೆಗೆಯಬೇಕು. ಪುಣ್ಯಕ್ಕೆ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು.

ಅದೇ ಬ್ಯಾಸ್ಕೆಟ್‌ಬಾಲ್. ಹುಡುಗರು ಕ್ರಿಸ್ತನ ಹತ್ತಿರ ಬರಲಿ ಅನ್ನೋ ಆಸೆ ನೈಸ್ಮಿತ್‌ಗೆ ಇರಲಿಲ್ಲವೇ? ಇತ್ತು, ಮುಚ್ಚಿಡಲೂ ಇಲ್ಲ. ಆದರೆ ಆಟ ಆಟವಾಗಿಯೇ ಚೆನ್ನಾಗಿರಬೇಕು ಅಂತ ತಲೆ ಕೆಡಿಸಿಕೊಂಡರು. ಅರ್ಧ ಗಂಟೆ ಆಡಿದರೆ ಅರ್ಧ ಗಂಟೆ ಪ್ರಸಂಗ ಕೇಳಬೇಕು ಅನ್ನೋದು ಆ ಹದಿಮೂರರಲ್ಲಿ ಇಲ್ಲ. ಆ ಆಟ ಹಗ್ಗದ ಲೆಕ್ಕ, ಸೈಕಲ್ ಲೆಕ್ಕ ಅಲ್ಲ.

ಚೀಟಿ ಬಂತು. ಹತ್ತು ನಿಮಿಷವಂತೆ. ಮೂರನೇ ಅಂಶ, ಸಾಲ್ವೇಶನ್ ಆರ್ಮಿಯವರು ಲಂಡನ್ನಿನ ಬೀದಿ ಹಾಡಿನ ಧಾಟಿಗೆ ದೇವರ ಹಾಡು ಕೂರಿಸಿದ್ದು. ಅದನ್ನು ಬಿಡುತ್ತೇನೆ. ನಾಲ್ಕನೆಯದು ನಮ್ಮ ಕಿಟ್ಟೆಲ್. ನಿಘಂಟು ಎಲ್ಲರಿಗೂ ಗೊತ್ತು, 1894. ಅದಕ್ಕೂ ಮುಂಚೆ, 1862ರಲ್ಲಿ 'ಕಥಾಮಾಲೆ' ಅಂತ ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು. ಜರ್ಮನಿಯಿಂದ ಬಂದವರು ನಮ್ಮ ಹಾಡಿನ ದಾರಿ ಹುಡುಕಿದರು. ನಾವು ನೋಡಿದರೆ ಆಸ್ಟ್ರೇಲಿಯಾದ ಟ್ಯೂನಿಗೆ ಕನ್ನಡದ ಕೈಕಾಲು ಮುರಿದು ಕೂರಿಸುತ್ತೇವೆ. ಡ್ರಮ್ ಸೆಟ್ಟಿನ ದುಡ್ಡಲ್ಲಿ ಅರ್ಧ ಕೊಟ್ಟು ಒಬ್ಬ ತಬಲಾ ಮೇಷ್ಟ್ರನ್ನು ಇಟ್ಟುಕೊಳ್ಳಿ. ಇದು ಅಂಶವಲ್ಲ, ನನ್ನ ಹೊಟ್ಟೆಯುರಿ.

ಅರ್ಜಿ ಬರೆದವರಿಗೆ ಒಂದು ಕೇಳುತ್ತೇನೆ. ಹೊರಗಿನವರು ಒಬ್ಬರೂ ಬರದಿದ್ದರೂ ನಿಮಗೆ ಆ ಮ್ಯೂಸಿಕ್ ನೈಟ್ ಬೇಕಾ? ಹೌದು, ನಮಗೇ ಹಾಡಬೇಕು ಅನಿಸುತ್ತಿದೆ ಅಂದರೆ, ನನ್ನ ಪಿಂಚಣಿಯಲ್ಲಿ ಐದು ಸಾವಿರ ಕೊಡುತ್ತೇನೆ. ಬರೀ ಪಕ್ಕದ ಸಭೆಯಲ್ಲಿ ಇದೆ ಅಂತಾದರೆ ಬೇಡ. ಅವರು ನಾಳೆ ಇನ್ನೂ ದೊಡ್ಡ ವಾಲ್ ತರುತ್ತಾರೆ. ಆಗ ನಮ್ಮದು ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತದೆ. ಹಾಗೆ ಕೂತಿರುವ ಡ್ರಮ್ ಸೆಟ್ ಒಂದನ್ನು ನಾನು ಇದೇ ಊರಲ್ಲಿ ನೋಡಿದ್ದೇನೆ. ಯಾವ ಸಭೆ ಅಂತ ಕೇಳಬೇಡಿ.

ಯೇಸು ಕೊಟ್ಟ ರೊಟ್ಟಿ ತಿಂದ ಐದು ಸಾವಿರ ಜನರದ್ದೂ ಹೇಳಬೇಕಿತ್ತು. ಮರುದಿನ ಅವರು ಹುಡುಕಿಕೊಂಡು ಬಂದರೆ, ಹೊಟ್ಟೆ ತುಂಬಿತು ಅಂತ ಬಂದಿದ್ದೀರಿ ಅಂತ ಯೇಸು ಮುಖಕ್ಕೇ ಹೇಳಿದ. ಜನ ಕರಗಿದರು. ಆತ ಹನ್ನೆರಡು ಮಂದಿ ಶಿಷ್ಯರ ಕಡೆ ತಿರುಗಿ, ನೀವೂ ಹೋಗುತ್ತೀರಾ ಅಂದ. ಯೋಹಾನ ಆರನೇ ಅಧ್ಯಾಯ, ಮನೆಯಲ್ಲಿ ಓದಿಕೊಳ್ಳಿ.

ಹೊರಗೆ ಹಬ್ಬದ ಕಾಣಿಕೆಗಳ ಹರಾಜಿಗೆ ಮೈಕ್ ಕಟ್ಟುತ್ತಿದ್ದಾರೆ. ಹೋದ ವರ್ಷ ಒಂದೇ ಕುಂಬಳಕಾಯಿ ಐದು ಸಲ ಹರಾಜಾಯಿತು, ನೆನಪಿದೆಯಾ? ಕೊಂಡವರೆಲ್ಲ ವಾಪಸ್ ಕೊಟ್ಟರು, ಕೊನೆಗೆ ಮೂರು ಸಾವಿರಕ್ಕೆ ಹೋಯಿತು. ರಸ್ತೆಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ನಕ್ಕರು, ಇಬ್ಬರು ಒಳಗೆ ಬಂದು ತೆಂಗಿನಕಾಯಿಗೆ ಕೂಗಿದರು. ಅವರನ್ನು ಯಾರೂ ಕರೆದಿರಲಿಲ್ಲ.

ಐದು, ಆರು ಉಳಿದವು. ಅಯ್ಯನವರು ಗಡಿಯಾರ ನೋಡುತ್ತಿದ್ದಾರೆ. ಮೊದಲನೇ ಕುಂಬಳಕಾಯಿಗೆ ನನ್ನದು ಇನ್ನೂರು ರೂಪಾಯಿ, ಯಾರಾದರೂ ಬರೆದುಕೊಳ್ಳಿ.