ಮೂರು ದೇಶ, ಒಂದು ಹಾರ್ಡ್ ಡಿಸ್ಕ್, ಅಪ್ಪನ ವಿಸಿಡಿಗಳು

ನಮಸ್ಕಾರ ಎಲ್ಲರಿಗೂ. ಈಗ ಬೆಳಗ್ಗೆ ಏಳೂವರೆ. ಇದು ಜರ್ಮನಿಯ ಫ್ರೈಬುರ್ಗ್‌ನಲ್ಲಿರುವ ನನ್ನ ರೂಮು. ಮೇಜಿನ ಮೇಲೆ ಲ್ಯಾಪ್‌ಟಾಪ್ ಇದೆ, ಹಾರ್ಡ್ ಡಿಸ್ಕ್ ಇದೆ, ಒಬ್ಬಟ್ಟಿನ ಡಬ್ಬ ಇದೆ, ಒಂದು ಸಣ್ಣ ಡಬ್ಬದಲ್ಲಿ ತುಪ್ಪ ಇದೆ. ಇಷ್ಟನ್ನೂ ಒಂದೇ ಬ್ಯಾಗಿಗೆ ತುಂಬಿಕೊಂಡು ಬಾಸೆಲ್‌ಗೆ ಹೊರಟಿದ್ದೇನೆ. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಅಲ್ಲಿದ್ದಾಳೆ. ಯುಗಾದಿ ದಿನ ರಜೆ ಸಿಗಲಿಲ್ಲ, ಅದಕ್ಕೆ ಈ ಶನಿವಾರ. "ತಿಂಡಿ ಏನೂ ಬೇಡ, ಚಿಕ್ಕಪ್ಪನ ಸಿನಿಮಾ ತಗೊಂಡು ಬಾ" ಅಂದಿದ್ದಾಳೆ. ಅವಳ ಚಿಕ್ಕಪ್ಪ ಅಂದರೆ ನಮ್ಮ ಅಪ್ಪ.

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡ್‌ನಲ್ಲಿ. ಇಲ್ಲಿಂದ ನೇರ ರೈಲಿನಲ್ಲಿ ಮುಕ್ಕಾಲು ಗಂಟೆ ಅಷ್ಟೆ. ಆದರೆ ನಡುವೆ ಗಡಿ ಇದೆ. ಮೊನ್ನೆ ಭಾವ ಫೋನಿನಲ್ಲಿ ಕೇಳಿದರು, "ಎಲ್ಲಾ ಕಾಪಿ ಮಾಡಿದ ಸಿನಿಮಾ ಅಲ್ವಾ? ಗಡಿಯಲ್ಲಿ ಲ್ಯಾಪ್‌ಟಾಪ್ ತೆಗೆಸಿದರೆ ಏನು ಮಾಡ್ತೀರಿ?" ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಎರಡು ರಾತ್ರಿ ಕೂತು ಕಾಯ್ದೆಗಳನ್ನು ಓದಿದೆ. ಹಾಗಾಗಿ ಇವತ್ತು ನೇರ ರೈಲು ಬೇಡ ಅಂದುಕೊಂಡೆ. ಗಡಿಗಳನ್ನು ನಿಧಾನವಾಗಿ ಒಂದೊಂದಾಗಿ ದಾಟೋಣ.

ಮೊದಲು ಈ ಹಾರ್ಡ್ ಡಿಸ್ಕ್ ಒಳಗೆ ಏನಿದೆ ನೋಡಿ. ಎರಡು ಫೋಲ್ಡರ್. ಒಂದರ ಹೆಸರು "ಅಪ್ಪ". ಇನ್ನೊಂದು "ಪೆನ್‌ಡ್ರೈವ್".

ಅಪ್ಪನದ್ದನ್ನು ತೆರೆಯುತ್ತೇನೆ. ಅಪ್ಪ ಹಾಸನದಲ್ಲಿದ್ದಾರೆ. 2000ದ ಆಸುಪಾಸಿನಲ್ಲಿ ಸಂಬಳ ಬಂದ ವಾರ ಒಂದು ವಿಸಿಡಿ ಕೊಳ್ಳುವುದು ಅವರ ಅಭ್ಯಾಸ. ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಎರಡು ಜಾಸ್ತಿ. ನೆನಪಿದೆಯಾ ವಿಸಿಡಿ? ಒಂದು ಡಿಸ್ಕಿನಲ್ಲಿ 74 ನಿಮಿಷ, ಹೆಚ್ಚೆಂದರೆ 80. ನಮ್ಮ ಎರಡೂವರೆ ಗಂಟೆಯ ಸಿನಿಮಾಗೆ ಎರಡು ಡಿಸ್ಕ್, ಕೆಲವಕ್ಕೆ ಮೂರು. ಸರಿಯಾಗಿ ಫೈಟಿಂಗ್ ನಡುವೆ ಪರದೆ ನೀಲಿಯಾಗುತ್ತಿತ್ತು. ಯಾರು ಎದ್ದು ಡಿಸ್ಕ್ ಬದಲಾಯಿಸಬೇಕು ಅಂತ ನಾನೂ ಅಣ್ಣನೂ ಜಗಳ ಆಡುತ್ತಿದ್ದೆವು.

ಆ ಡಿಸ್ಕುಗಳನ್ನು ಕಾಪಿ ಮಾಡಿದ್ದು ನಾನೇ. ಜರ್ಮನಿಗೆ ಬರುವ ಹಿಂದಿನ ವಾರ. ಕಂಪ್ಯೂಟರಿಗೆ ಡಿಸ್ಕ್ ಹಾಕಿ ತೆರೆದರೆ ಎಂಪೆಗ್‌ಎವಿ ಅಂತ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ಎವಿಸೆಕ್01 ಡಾಟ್ ಡ್ಯಾಟ್. ಅದೇ ಸಿನಿಮಾ. ಎಳೆದು ಡೆಸ್ಕ್‌ಟಾಪ್ ಮೇಲೆ ಬಿಟ್ಟರೆ ಮುಗಿಯಿತು. ಕಾಪಿ ಮಾಡದಂತೆ ತಡೆಯುವ ಬೀಗ ಅನ್ನುವುದೇ ವಿಸಿಡಿಗೆ ಇರಲಿಲ್ಲ. ಎಲ್ಲ ಸಿನಿಮಾದ ಫೈಲಿಗೂ ಅದೇ ಹೆಸರು. ಒಂದೊಂದಕ್ಕೂ ನಾನೇ ಕೂತು ಹೆಸರು ಬದಲಿಸಿದೆ.

ಇದನ್ನು ನೋಡಿ. ರಾಜ್‌ಕುಮಾರ್ ಸಿನಿಮಾ, ಮೊದಲ ಡಿಸ್ಕ್. ಇಲ್ಲಿ, 41ನೇ ನಿಮಿಷ. ಚಿತ್ರ ಚೌಕ ಚೌಕವಾಗಿ ಒಡೆಯಿತು. ದನಿ ಕರಕರ ಅಂದಿತು. ಆಮೇಲೆ ಮುಂದಕ್ಕೆ ಹಾರಿತು. ಈ ಗೀರು ನನ್ನ ಕೈಯಿಂದ ಆಗಿದ್ದು. ಆಗ ನನಗೆ ಎಂಟು ವರ್ಷ. ಡಿಸ್ಕನ್ನು ಬೋರಲು ಹಾಕಿ ಹಜಾರದ ರೆಡ್ ಆಕ್ಸೈಡ್ ನೆಲದ ಮೇಲೆ ಎಳೆದಿದ್ದೆ. ಕಾಪಿ ಮಾಡುವಾಗ ಡ್ರೈವ್ ಇಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಗಿರ್ ಅಂತ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಹತ್ತು ನಿಮಿಷ ಕಾದೆ. ಕೊನೆಗೂ ಓದಿತು, ಇಷ್ಟು ಮಟ್ಟಿಗೆ. ಅಂದರೆ ನಮ್ಮ ಹಜಾರದ ಗೀರು ಇವತ್ತು ನನ್ನ ಬ್ಯಾಗಿನಲ್ಲಿ ಗಡಿ ದಾಟುತ್ತಿದೆ.

ಇನ್ನು ಎರಡನೇ ಫೋಲ್ಡರ್. ಚಿಕ್ಕಮ್ಮನ ಮಗ ಏರ್‌ಪೋರ್ಟಿನಲ್ಲಿ ಕೈಗಿಟ್ಟ ಪೆನ್‌ಡ್ರೈವಿನಲ್ಲಿದ್ದವು. ಹದಿನಾಲ್ಕು ಸಿನಿಮಾ. ಎಲ್ಲಿಂದ ಬಂದವು ಅಂತ ನನಗೆ ಗೊತ್ತಿಲ್ಲ, ಕೇಳಿದರೆ ಅವನಿಗೂ ಗೊತ್ತಿಲ್ಲ. ಒಂದು ಅಂತೂ ನೋಡಿದ ಕೂಡಲೇ ತಿಳಿಯುತ್ತದೆ. ಚಿತ್ರ ಓರೆಯಾಗಿದೆ. ಪರದೆಯ ಮುಂದೆ ಒಬ್ಬರ ತಲೆ ಹಾದು ಹೋಗುತ್ತದೆ. ಪಕ್ಕದವರು ಕೆಮ್ಮುವುದು ಕೇಳಿಸುತ್ತದೆ. ಥಿಯೇಟರಿನಲ್ಲಿ ಕೂತು ಕದ್ದು ತೆಗೆದದ್ದು. ನಮ್ಮ ದೇಶದಲ್ಲಿ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಇದಕ್ಕೇ ಬಂದಿದ್ದು. ಕನಿಷ್ಠ 3 ತಿಂಗಳು ಜೈಲು, 3 ವರ್ಷದವರೆಗೂ ಹೋಗಬಹುದು. ದಂಡ 3 ಲಕ್ಷದಿಂದ ಶುರು, ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ. ಕರ್ನಾಟಕದ ಗೂಂಡಾ ಕಾಯ್ದೆಯ ಹೆಸರಿನಲ್ಲೇ ವಿಡಿಯೊ, ಆಡಿಯೊ ಪೈರಸಿ ಮಾಡುವವರು ಸೇರಿದ್ದಾರೆ.

ಆ ಫೋಲ್ಡರನ್ನು ನಿನ್ನೆ ರಾತ್ರಿ ಪೂರ್ತಿ ಅಳಿಸಬೇಕು ಅಂತ ನಿರ್ಧರಿಸಿದ್ದೆ. ನಿಮಗೆ ತೋರಿಸೋಣ ಅಂತ ಉಳಿಸಿಕೊಂಡೆ. ಈಗ ಅಳಿಸುತ್ತೇನೆ. ಹೆದರಿ ಅಲ್ಲ. ಕನ್ನಡ ಸಿನಿಮಾದ ಮಾರುಕಟ್ಟೆ ದೊಡ್ಡದಲ್ಲ. ಬಿಡುಗಡೆಯಾದ ವಾರದಲ್ಲಿ ಕದ್ದ ಕಾಪಿ ಹೊರಬಿದ್ದರೆ ಅದರ ಏಟು ಯಾರಿಗೆ ಬೀಳುತ್ತದೆ ಅಂತ ನಮಗೆಲ್ಲ ಗೊತ್ತು. ಅಳಿಸಿದೆ. ಹೊರಡೋಣ.

ರೈಲಿನಲ್ಲಿದ್ದೇನೆ. ಇಲ್ಲಿಂದ ಗಡಿಯವರೆಗೆ ಜರ್ಮನಿಯ ಕಾಯ್ದೆ. ದುಡ್ಡು ಕೊಟ್ಟು ಕೊಂಡ ಡಿಸ್ಕಿನಿಂದ ಮನೆ ಬಳಕೆಗೆ ಕಾಪಿ ಮಾಡಿಕೊಳ್ಳಲು ಇಲ್ಲಿ ಅವಕಾಶ ಇದೆ. ಅದಕ್ಕೆ ಬದಲಾಗಿ ಕಂಪ್ಯೂಟರ್, ಹಾರ್ಡ್ ಡಿಸ್ಕ್ ಮಾರುವಾಗಲೇ ಬೆಲೆಯಲ್ಲಿ ಒಂದು ಪಾಲು ಕೃತಿಕಾರರಿಗೆ ಅಂತ ಹೋಗುತ್ತದೆ. 1965ರ ಕಾಯ್ದೆಯಲ್ಲೇ ಈ ಪದ್ಧತಿ ತಂದರು, ಆಗ ಟೇಪ್ ರೆಕಾರ್ಡರ್ ಮೇಲೆ. ನಮ್ಮಲ್ಲಿ ಇಂಥದ್ದಿಲ್ಲ. ಇದು ನನಗೆ ಬಹಳ ಹಿಡಿಸಿತು. ಜನ ಕಾಪಿ ಮಾಡುತ್ತಾರೆ ಅಂತ ಒಪ್ಪಿಕೊಂಡು, ಸಿನಿಮಾ ಮಾಡಿದವರಿಗೆ ದುಡ್ಡು ತಲುಪಿಸುವ ದಾರಿ ಹುಡುಕಿದ್ದಾರೆ.

ಆದರೆ ಎರಡು ಕಡೆ ಜರ್ಮನಿ ಬಿಗಿ. ಕದ್ದದ್ದು ಅಂತ ಎದ್ದು ಕಾಣುವ ಮೂಲದಿಂದ ಕಾಪಿ ಮಾಡಬಾರದು. ಬೀಗ ಇರುವ ಡಿಸ್ಕಿನ ಬೀಗ ಒಡೆಯಬಾರದು, ಡಿಸ್ಕ್ ನಿಮ್ಮದೇ ಆಗಿದ್ದರೂ. ಡಿವಿಡಿಗಳಿಗೆ ಆ ಬೀಗ ಇರುತ್ತದೆ. ವಿಸಿಡಿಗೆ ಇರಲಿಲ್ಲ ಅಂದೆನಲ್ಲ, ಅಪ್ಪನ ಫೋಲ್ಡರ್ ಪಾರಾಗುವುದು ಅಲ್ಲೇ.

ಇಲ್ಲಿಗೆ ಓದಲು ಬರುವ ನಮ್ಮ ಹುಡುಗರಿಗೆ ಒಂದು ಮಾತು. ಟೊರೆಂಟ್ ಮುಟ್ಟಬೇಡಿ. ಟೊರೆಂಟಿನಲ್ಲಿ ನೀವು ಇಳಿಸಿಕೊಳ್ಳುವಾಗಲೇ ಬೇರೆಯವರಿಗೆ ಹಂಚುತ್ತಲೂ ಇರುತ್ತೀರಿ. ಇಲ್ಲಿ ಹಿಡಿಯುವುದು ಆ ಹಂಚಿಕೆಯನ್ನು. ನನ್ನ ಗೆಳೆಯ ಬಂದ ಎರಡನೇ ತಿಂಗಳಲ್ಲಿ ಒಂದು ಸಿನಿಮಾ ಹಾಗೆ ನೋಡಿದ. ಆರು ವಾರಕ್ಕೆ ಒಂದು ವಕೀಲರ ಕಚೇರಿಯಿಂದ ದಪ್ಪ ಲಕೋಟೆ ಬಂತು. ಇದಕ್ಕೆ ಇಲ್ಲಿ ಅಬ್‌ಮಾನುಂಗ್, ಅಂದರೆ ಎಚ್ಚರಿಕೆ ಪತ್ರ, ಅನ್ನುತ್ತಾರೆ. ನೂರಾರು ಯೂರೊ ಕೇಳಿದ್ದರು. ಅವನು ಆ ತಿಂಗಳ ಬಾಡಿಗೆಗೆ ನನ್ನ ಹತ್ತಿರ ಸಾಲ ಮಾಡಿದ. ಲಕೋಟೆ ಹಿಡಿದು ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದ ಅವನ ಮುಖ ನನಗೆ ಮರೆಯುವುದಿಲ್ಲ.

ಗಡಿಯ ಜರ್ಮನ್ ಊರು ವೈಲ್ ಆಮ್ ರೈನ್ ಬಂತು. ಇಳಿದು ನದಿ ಕಡೆಗೆ ನಡೆದೆ. ನೋಡಿ, ಇದೇ ಆ ಸೇತುವೆ. ಮೂರು ದೇಶಗಳ ಸೇತುವೆ ಅಂತ ಹೆಸರು. 2007ರಲ್ಲಿ ತೆರೆದದ್ದು. 248 ಮೀಟರ್ ಉದ್ದ. ಕಾರು ಇಲ್ಲ, ಬಸ್ಸು ಇಲ್ಲ. ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ. ಕೆಳಗೆ ರೈನ್ ನದಿ. ಈ ದಡ ಜರ್ಮನಿ, ಆ ದಡ ಫ್ರಾನ್ಸ್. ಎಡಗಡೆ, ನದಿ ಬರುವ ಕಡೆ, ಆ ಕ್ರೇನುಗಳು ಕಾಣುತ್ತಿವೆಯಲ್ಲ, ಅದು ಸ್ವಿಟ್ಜರ್ಲೆಂಡ್.

ಒಬ್ಬ ಅಜ್ಜಿ ಬ್ರೆಡ್ಡಿನ ಚೀಲ ಹಿಡಿದು ಫ್ರಾನ್ಸಿನಿಂದ ಬರುತ್ತಿದ್ದಾರೆ. ಇಬ್ಬರು ಮಕ್ಕಳು ಸ್ಕೂಟರ್ ತಳ್ಳುತ್ತಾ ಆ ಕಡೆ ಹೋದರು. ಕಾವಲಿನವರು ಯಾರೂ ಇಲ್ಲ. ಆದರೂ ನಾನು ನಡೆಯುತ್ತಿದ್ದಂತೆ ನನ್ನ ಬ್ಯಾಗಿನ ಮೇಲಿನ ಕಾಯ್ದೆ ಬದಲಾಯಿತು. ಯುನ್ಯಾಂಗ್ ಅನ್ನುವ ಈ ಫ್ರೆಂಚ್ ಊರಿನಲ್ಲೂ ಮನೆ ಬಳಕೆಯ ಕಾಪಿಗೆ ಅವಕಾಶ ಇದೆ. ಆದರೆ 2011ರಿಂದ ಮೂಲ ಕಾನೂನುಬದ್ಧ ಆಗಿರಲೇಬೇಕು. ಟೊರೆಂಟಿನವರಿಗೆ ಇಲ್ಲಿ ಮೊದಲು ಇಮೇಲ್ ಎಚ್ಚರಿಕೆ, ಆಮೇಲೆ ಪತ್ರ, ಆಮೇಲೆ ಮುಂದಿನ ಕ್ರಮ. 2009ರಲ್ಲಿ ಹಾಡೋಪಿ ಅಂತ ಒಂದು ಕಾಯ್ದೆ ತಂದು ಈ ಪದ್ಧತಿ ಮಾಡಿದರು.

ಒಂದು ಕಾಫಿ ಕುಡಿದು ವಾಪಸ್ ಸೇತುವೆ ದಾಟಿದೆ. ಈಗ ಎಂಟನೇ ನಂಬರ್ ಟ್ರಾಮ್. ಇದು ಬಾಸೆಲ್ ಊರಿನ ಟ್ರಾಮು. 2014ರ ಡಿಸೆಂಬರಿನಿಂದ ಗಡಿ ದಾಟಿ ವೈಲ್‌ವರೆಗೂ ಬರುತ್ತದೆ. ತುಂಬಾ ಜನ. ಎಲ್ಲರ ಕೈಯಲ್ಲೂ ಅಂಗಡಿ ಚೀಲ. ಸ್ವಿಸ್ ಕಡೆಯವರು ಸಾಮಾನು ಕೊಳ್ಳಲು ಇಲ್ಲಿಗೆ ಬರುತ್ತಾರೆ, ಇಲ್ಲಿ ಅಗ್ಗ. ಸ್ವಿಟ್ಜರ್ಲೆಂಡ್ ಪಾಸ್‌ಪೋರ್ಟ್ ತಪಾಸಣೆ ಇಲ್ಲದೆ ಓಡಾಡುವ ಷೆಂಗೆನ್ ವಲಯದಲ್ಲಿದೆ, ಆದರೆ ಐರೋಪ್ಯ ಒಕ್ಕೂಟದ ಕಸ್ಟಮ್ಸ್ ವ್ಯವಸ್ಥೆಯಲ್ಲಿಲ್ಲ. ಹಾಗಾಗಿ ಇಲ್ಲಿ ಸಾಮಾನಿನ ತಪಾಸಣೆ ಇದೆ.

ಇಲ್ಲಿಂದ ಮುಂದಿನ ಐದು ನಿಮಿಷ ಕ್ಯಾಮೆರಾ ಆಫ್ ಮಾಡಿದ್ದೆ. ಏನಾಯಿತು ಅಂತ ಹೇಳುತ್ತೇನೆ. ಗಡಿಯಲ್ಲಿ ಇಬ್ಬರು ಕಸ್ಟಮ್ಸ್‌ನವರು ಹತ್ತಿದರು. ಒಬ್ಬರು ನನ್ನ ಬ್ಯಾಗ್ ತೋರಿಸಿ ತೆರೆಯಲು ಹೇಳಿದರು. ನನ್ನ ಎದೆ ಡವಡವ ಅಂದದ್ದು ನಿಜ. ಎಲ್ಲ ಓದಿಕೊಂಡು ಬಂದಿದ್ದರೂ. ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿದರು. ಹಾರ್ಡ್ ಡಿಸ್ಕ್ ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, "ಹೊಸದಾ?" ಅಂದರು. ಮೂರು ವರ್ಷದ ಹಿಂದಿನದು ಅಂದೆ. ಇಟ್ಟರು. ಆಮೇಲೆ ತುಪ್ಪದ ಡಬ್ಬ ಎತ್ತಿದರು. ಇದು ಏನು, ಎಷ್ಟು ತೂಕ, ಮಾಂಸ ಇದೆಯಾ? ಅರ್ಧ ಕೆಜಿಗೂ ಕಡಿಮೆ, ಮಾಂಸ ಇಲ್ಲ ಅಂದೆ. ಒಬ್ಬಟ್ಟಿನ ಡಬ್ಬ ತೆರೆದು ತೋರಿಸಿದೆ. ತಲೆ ಆಡಿಸಿ ಮುಂದಕ್ಕೆ ಹೋದರು.

ಅವರು ಹುಡುಕುತ್ತಿದ್ದದ್ದು ಬೇರೆ. ಮಾಂಸಕ್ಕೆ, ಬೆಣ್ಣೆಗೆ ತಲೆಗೆ 1 ಕೆಜಿ ಮಿತಿ ಇದೆ. ಹೊಸ ಸಾಮಾನಿನ ಒಟ್ಟು ಬೆಲೆ 150 ಫ್ರಾಂಕ್ ದಾಟಿದರೆ ತೆರಿಗೆ ಕಟ್ಟಬೇಕು, ಮಿತಿಯನ್ನು 2025ರಿಂದ ಹಾಗೆ ಇಳಿಸಿದ್ದಾರೆ. ಡಿಸ್ಕ್ ಹೊಸದಾ ಅಂತ ಕೇಳಿದ್ದು ಅದಕ್ಕೇ. ಒಳಗೆ ಏನಿದೆ ಅಂತ ಒಂದು ಮಾತೂ ಕೇಳಲಿಲ್ಲ.

ಹಾಗಿದ್ದರೆ ಈ ಭಯ ಎಲ್ಲಿಂದ ಬಂತು? ನಕಲಿ ಸಾಮಾನು, ಪೈರಸಿ ತಡೆಯಲು ಆಕ್ಟಾ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದದ ಮಾತುಕತೆ ಗುಟ್ಟಾಗಿ ನಡೆಯಿತು. ಗಡಿಯಲ್ಲಿ ಐಪಾಡ್, ಲ್ಯಾಪ್‌ಟಾಪ್ ಹುಡುಕುತ್ತಾರೆ ಅಂತ ಸುದ್ದಿ ಹಬ್ಬಿತು. 2012ರ ಫೆಬ್ರುವರಿ ಚಳಿಯಲ್ಲಿ ಯುರೋಪಿನ ಜನ ಬೀದಿಗೆ ಇಳಿದರು. ಜುಲೈ 4ರಂದು ಐರೋಪ್ಯ ಸಂಸತ್ತು 39ರ ವಿರುದ್ಧ 478 ಮತಗಳಿಂದ ಅದನ್ನು ತಳ್ಳಿಹಾಕಿತು. ಕೊನೆಯ ಕರಡಿನಲ್ಲಿ ಪ್ರಯಾಣಿಕರ ಸ್ವಂತ ಸಾಮಾನನ್ನು ಬಿಟ್ಟುಬಿಡಬಹುದು ಅಂತಲೇ ಇತ್ತು. ಒಪ್ಪಂದ ಹೋಯಿತು, ಭಯ ಉಳಿಯಿತು.

ನಮ್ಮ ದೇಶಕ್ಕೆ ವಾಪಸ್ ಹೋಗುವಾಗಲೂ ಅಷ್ಟೆ. 18 ದಾಟಿದವರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು. ಕೃತಿಸ್ವಾಮ್ಯ ಕಾಯ್ದೆಯ 51ನೇ ಸೆಕ್ಷನ್ನಿನಲ್ಲಿ, ಮನೆ ಬಳಕೆಗೆ ಯಾವುದೇ ಕೃತಿಯ ಒಂದು ಕಾಪಿ ತರಲು ಅಡ್ಡಿ ಇಲ್ಲ ಅಂತ ಇದೆ. ಮಾರಲು ತಂದರೆ ಮಾತ್ರ ಕಥೆ ಬೇರೆ. ಅಮೆರಿಕಕ್ಕೆ ಹೋಗುವವರು ತಿಳಿದಿರಲಿ, ಅಲ್ಲಿನ ಗಡಿ ಅಧಿಕಾರಿಗಳು ಯಾವ ಅನುಮಾನವೂ ಇಲ್ಲದೆ ಲ್ಯಾಪ್‌ಟಾಪ್ ತೆರೆಸಿ ಕೈಯಾರೆ ನೋಡಬಹುದು. ಯಂತ್ರಕ್ಕೆ ಜೋಡಿಸಿ ಎಲ್ಲ ಕಾಪಿ ಮಾಡಿಕೊಳ್ಳಲು ಮಾತ್ರ ಅನುಮಾನಕ್ಕೆ ಕಾರಣ ಇರಬೇಕು, ಇಲ್ಲವೇ ದೇಶದ ಭದ್ರತೆಯ ವಿಷಯ ಆಗಿರಬೇಕು, 2018ರಿಂದ ಹಾಗೆ. ನ್ಯೂಜಿಲೆಂಡಿನಲ್ಲಿ ಪಾಸ್‌ವರ್ಡ್ ಕೊಡದಿದ್ದರೆ ಅಲ್ಲಿನ 5,000 ಡಾಲರ್‌ವರೆಗೆ ದಂಡ.

ಅಕ್ಕನ ಮನೆ ಬಂತು. ಬಾಗಿಲಲ್ಲೇ ಕೇಳಿದಳು, "ಸಿನಿಮಾ ತಂದೆಯಾ?"

ಊಟ ಮುಗಿಯಿತು. ಮೊದಲು ಹೊಸದೊಂದು ನೋಡೋಣ ಅಂತ ನಾನು ತಿಂಗಳು ತಿಂಗಳು ದುಡ್ಡು ಕಟ್ಟುವ ಆ್ಯಪ್ ತೆರೆದೆ. ಫ್ರೈಬುರ್ಗ್‌ನಲ್ಲಿ ನಿನ್ನೆ ಅರ್ಧ ನೋಡಿದ್ದ ಕನ್ನಡ ಸಿನಿಮಾ. ಅಕ್ಕನ ಮನೆಯ ವೈಫೈನಲ್ಲಿ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಅಂತ ಬಂತು. ಐರೋಪ್ಯ ಒಕ್ಕೂಟದೊಳಗೆ 2018ರ ಏಪ್ರಿಲ್‌ನಿಂದ ಒಂದು ನಿಯಮ ಇದೆ. ಒಂದು ದೇಶದಲ್ಲಿ ದುಡ್ಡು ಕಟ್ಟಿದವರು ಇನ್ನೊಂದು ದೇಶಕ್ಕೆ ಪ್ರವಾಸ ಹೋದಾಗಲೂ ನೋಡಲು ಬಿಡಬೇಕು. ಬೆಳಗ್ಗೆ ಕಾಫಿ ಕುಡಿದ ಆ ಫ್ರೆಂಚ್ ಊರಿನಲ್ಲಿ ಕೂತಿದ್ದರೆ ನನಗೆ ಈ ಹಕ್ಕಿತ್ತು. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಇಲ್ಲಿ ಇಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ನಾನು ಕದ್ದಿಲ್ಲ, ದುಡ್ಡು ಕೊಟ್ಟಿದ್ದೇನೆ. ಗಡಿಯಲ್ಲಿ ನಿಂತದ್ದು ಅದೇ ಸಿನಿಮಾ. ಅಪ್ಪ ಇಪ್ಪತ್ತು ವರ್ಷದ ಹಿಂದೆ ಕೊಂಡ ಡಿಸ್ಕಿನ ಕಾಪಿ ನನ್ನ ಜತೆ ಆರಾಮಾಗಿ ಬಂತು. ಅಪ್ಪನ ಫೋಲ್ಡರಿನಲ್ಲಿರುವ ಎಷ್ಟೋ ಸಿನಿಮಾ ಯಾವ ಆ್ಯಪಿನಲ್ಲೂ ನನಗೆ ಸಿಕ್ಕಿಲ್ಲ. ಸಿಗುವ ಹಾಗೆ ಮಾಡಿ, ಎಲ್ಲಿ ಕೂತರೂ ನೋಡಲು ಬಿಡಿ, ನಾವು ದುಡ್ಡು ಕೊಡುತ್ತೇವೆ. ಹೊರಗಿರುವ ಎಷ್ಟೋ ಕನ್ನಡಿಗರು ಕೇಳುತ್ತಿರುವುದು ಇಷ್ಟೇ.

ಹಾರ್ಡ್ ಡಿಸ್ಕನ್ನು ಟೀವಿಗೆ ಹಾಕಿದೆವು. ಸ್ವಿಸ್ ಕಾಯ್ದೆಯಲ್ಲಿ ಸ್ವಂತ ಬಳಕೆ ಅಂದರೆ ಮನೆಯವರು, ಹತ್ತಿರದ ಗೆಳೆಯರು ಸೇರಿ ನೋಡುವುದೂ ಸೇರುತ್ತದೆ. ಇವತ್ತು ಸೋಫಾದ ಮೇಲೆ ಐದು ಜನ, ಕೆಳಗೆ ಚಾಪೆ ಮೇಲೆ ಮೂರು ಮಕ್ಕಳು. ಎಲ್ಲ ನಮ್ಮವರೇ. ಇದೇ ಫೈಲನ್ನು ಕನ್ನಡ ಕೂಟದ ಹಾಲ್‌ನಲ್ಲಿ ಹಾಕಿದರೆ ಆಗುವುದಿಲ್ಲ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಭಾವ ಹಾಗೆ ಮಾಡೋಣವಾ ಅಂತ ಕೇಳಿದರು. ಬೇಡ ಭಾವ ಅಂದೆ.

352ಕ್ಕೆ 288 ಚುಕ್ಕಿಗಳ ಚಿತ್ರ, 55 ಇಂಚಿನ ಟೀವಿ. ಮಸುಕು ಮಸುಕು. ಯಾರೂ ದೂರಲಿಲ್ಲ. 41ನೇ ನಿಮಿಷಕ್ಕೆ ಚೌಕ ಚೌಕವಾಗಿ ಒಡೆಯಿತು. ಮಕ್ಕಳು ಏನಾಯ್ತು ಅಂತ ಎದ್ದು ಕೂತರು. ಅಕ್ಕ, "ಏನಿಲ್ಲ, ಅದು ಹಾಸನದ ಮನೆ ಗೀರು" ಅಂದಳು. ಅವಳೂ ಬೇಸಿಗೆ ರಜೆಯಲ್ಲಿ ಅದೇ ಹಜಾರದಲ್ಲಿ ಕೂತು ನೋಡಿದವಳು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆವು. ನಾನು ಕಾಪಿ ಮಾಡದೆ ಉಳಿದ ಡಿಸ್ಕುಗಳ ಬಗ್ಗೆ ಕೇಳಿದೆ. ಹೋದ ವಾರ ಒಂದೊಂದೇ ಹಾಕಿ ನೋಡಿದರಂತೆ. ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದರಂತೆ. "ಇಪ್ಪತ್ತಾರರಲ್ಲಿ ಒಂಬತ್ತು ಓದ್ತಾನೇ ಇಲ್ಲ ಕಣೋ" ಅಂದರು. ಉಳಿದ ಹದಿನೇಳನ್ನು ಹಾಕಿ ನೋಡುವುದು ಬೇಡ, ಹಾಗೇ ತೆಗೆದಿಡಿ ಅಂದಿದ್ದೇನೆ. ನನ್ನ ಈಗಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಭಾವನ ಹತ್ತಿರ ಯುಎಸ್‌ಬಿಗೆ ಹಾಕುವ ಹಳೆಯದೊಂದು ಇತ್ತು, ಕೊಟ್ಟಿದ್ದಾರೆ. ಇದೇ ನೋಡಿ. ಆಗಸ್ಟಿನಲ್ಲಿ ಊರಿಗೆ ಹೋಗುತ್ತಿದ್ದೇನೆ, ಇದು ಜತೆಗೆ ಬರುತ್ತದೆ.